ದಂಡಿಗೆ ಹೋದವರ ಸುದ್ದಿ

ಕುಂಪಣಿ ಸರಕಾರದ ಕಂದಾಯವನ್ನು ವಿರೋಧಿಸಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಪುತ್ತೂರಿನ ಮೇಲೆ ಹಾದು ಮಂಗಳೂರಿನವರೆಗೆ ಹೋಗಿ, ಕೊನೆಗೆ ಸೋತು ಚದುರಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಂಬತ್ತರ ದಶಕದ ಮೊದಲಲ್ಲಿ ಸುಳ್ಯದ ಕೆಲವು ಯುವಕರು ಸೇರಿ ಆ ಕಾಳಗವನ್ನು ಶಾಲೆಯ ಮೈದಾನದಲ್ಲಿ ಆಡಿ ತೋರಿಸುತ್ತಾರೆಂದು ತಿಳಿಯಿತು. ಅಜ್ಜಾವರದ ನಮ್ಮ ಮನೆಯಲ್ಲಿ ಹೊರಡಲು ಎಲ್ಲರಿಗಿಂತ ಅವಸರ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ. ಜೀಪು ಹತ್ತಿದರೆ ವಾಕರಿಕೆ ಬರುತ್ತದೆಂದು ಮದುವೆಗಳಿಗೂ ಹೋಗದವರು ಅಂದು ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದರು.

ಅದಕ್ಕೆ ಕಾರಣವಿತ್ತು. ನಮ್ಮ ಅಜ್ಜನ ಅಜ್ಜ ಆ ದಂಡಿನೊಂದಿಗೆ ಹೋದವರು ತಿರುಗಿ ಬಂದಿರಲಿಲ್ಲ. ಸತ್ತರೆಂದು ಬಂದು ಹೇಳಿದವರೂ ಇಲ್ಲ. ಹೆಂಡತಿ ಮಗುವನ್ನು ಬಿಟ್ಟು ಘಟ್ಟ ಹತ್ತಿ ಇನ್ನೊಂದು ಸಂಸಾರ ಹೂಡಿದರೆಂದು ನೆಂಟರಲ್ಲೇ ಕೆಲವರು ಆಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ತೀರಿಕೊಂಡ ಹಿರಿಯರಿಗೆಲ್ಲ ಎಲೆ ಹಾಕಿ ಬಡಿಸುವುದು ನಮ್ಮ ಕ್ರಮ. ಸಾವಿನ ಸುದ್ದಿ ಮನೆಗೆ ಮುಟ್ಟದ ಕಾರಣ ಅವರೊಬ್ಬರಿಗೆ ಮಾತ್ರ ಎಲೆ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಬಡಿಸುತ್ತಿದ್ದ ಅಜ್ಜಿಗೆ ಅದೊಂದು ಕೊರಗು.

"ಇಷ್ಟು ಕಾಲದ ಮೇಲೆ ಇನ್ನೂ ಬದುಕಿರ್ತಾರಾ ಅಮ್ಮ?" ಎಂದು ಅಪ್ಪ ನಗುತ್ತಿದ್ದರು.

"ಸತ್ತದ್ದು ನನಗೂ ಗೊತ್ತುಂಟು. ಬಂದು ಹೇಳಿದವರು ಯಾರು?" ಎನ್ನುತ್ತಿದ್ದರು ಅಜ್ಜಿ.

ಕಾಳಗ ಅಂಥದ್ದೇನೂ ಆಗಿರಲಿಲ್ಲ. ಕುಂಪಣಿಯ ಸಿಪಾಯಿಗಳು ಮುಖಕ್ಕೆ ಪೌಡರ್ ಬಳಿದುಕೊಂಡು, ಬೆವರಿ, ಅರ್ಧ ಬಿಳಿಯರು ಅರ್ಧ ಊರಿನವರಾಗಿ ನಿಂತಿದ್ದರು. ರೈತರ ಕಡೆ ಸಾಯಬೇಕಾದವರು ಹಸನಾದ ಜಾಗ ಹುಡುಕಿ, ಮುಂಡು ಸರಿಮಾಡಿಕೊಂಡು ಮಲಗಿದರು. ಪಟಾಕಿ ಮುಗಿದದ್ದರಿಂದ ಯುದ್ಧವೂ ಮುಗಿಯಿತು. ಯಕ್ಷಗಾನದ ಯುದ್ಧವೇ ಎಷ್ಟೋ ವಾಸಿ ಎಂದು ನನಗೆ ಆಗ ಅನಿಸಿತ್ತು, ಈಗಲೂ ಅನಿಸುತ್ತದೆ. ಅಜ್ಜಿ ಮಾತ್ರ ಕಣ್ಣು ಕೀಳದೆ ನೋಡಿದರು.

ಎಲ್ಲ ಮುಗಿದ ಮೇಲೆ ಅವರು ನೇರವಾಗಿ ದಂಡಿನ ರೈತನೊಬ್ಬನ ಮುಂದೆ ಹೋಗಿ ಕೈ ಮುಗಿದು ನಿಂತರು. ಆತ ಪೇಟೆಯ ಬ್ಯಾರಿ ಮುಸಲ್ಮಾನ. ನಾವು ಒಣಮೀನು ತರುತ್ತಿದ್ದುದು ಆತನ ಅಂಗಡಿಯಿಂದಲೇ. ಅಡಿಕೆ ಹಾಳೆಯ ಮುಟ್ಟಾಳೆಯನ್ನು ತಲೆಯಿಂದ ತೆಗೆದಿಟ್ಟು ಸೋಡಾ ಕುಡಿಯುತ್ತಿದ್ದ. ಅಪ್ಪನಿಗೆ ನಾಚಿಕೆಯಾಯಿತು. ಅಜ್ಜಿಯ ತೋಳು ಹಿಡಿದರು.

"ಅವ ಮೀನಿನಂಗಡಿಯವ ಅಮ್ಮ."

"ಗೊತ್ತುಂಟು. ಭೂತ ಕಟ್ಟುವವ ಯಾರೂಂತ ನಮಗೆ ಗೊತ್ತಿಲ್ವಾ? ಆದ್ರೂ ಕೇಳುದಿಲ್ವಾ?"

ಅಪ್ಪ ಕೈ ಬಿಟ್ಟರು. ಕೋಲದಲ್ಲಿ ವೇಷ ಕಟ್ಟಿದವನ ಮೈಮೇಲೆ ಬಂದ ಭೂತದ ಮುಂದೆ ನಿಂತು ಕಷ್ಟ ಹೇಳಿಕೊಂಡವರೇ ಅವರೂ.

"ಅಜ್ಜಾವರದಿಂದ ನಿಮ್ಮೊಟ್ಟಿಗೆ ಒಬ್ಬರು ಬಂದಿದ್ರು," ಎಂದರು ಅಜ್ಜಿ ಆತನಿಗೆ. "ನಮ್ಮ ಮನೆಯವರು. ಅವರು ಎಂತ ಆದ್ರು?"

ಆತ ನಗುತ್ತಾನೆಂದು ನಾನು ಹೆದರಿದೆ. ಆತ ಸೋಡಾ ಬಾಟಲಿ ಕೆಳಗಿಟ್ಟು, ಮುಟ್ಟಾಳೆಯನ್ನು ಎತ್ತಿ ತಲೆಗೆ ಇಟ್ಟುಕೊಂಡ.

"ಇದ್ರು ಅಮ್ಮ, ನಮ್ಮೊಟ್ಟಿಗೇ ಇದ್ರು. ಗುಂಡು ತಾಗಿ ತೀರಿಕೊಂಡ್ರು."

"ಎಲ್ಲಿ?"

ಆತ ಸ್ವಲ್ಪ ಯೋಚಿಸಿದ. "ದಂಡು ಚದುರಿದ ಮೇಲೆ. ಮನೆಗೆ ಬರುವ ದಾರಿಯಲ್ಲಿ."

ಅಜ್ಜಿ ಸುಲಭಕ್ಕೆ ಅಳುವವರಲ್ಲ. ಅಂದು ಅಷ್ಟು ಜನರ ನಡುವೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮತ್ತೆ ಅಪ್ಪನ ಕಡೆ ತಿರುಗಿದರು.

"ಕೇಳಿದೆಯಲ್ಲ," ಎಂದರು. "ಮನೆಗೇ ಬರ್ತಾ ಇದ್ದದ್ದು ಅವರು."