ತಂತಿಯ ಮುಂದೆ ಆಡಿದ ಅಣಕ

ಪುಣೆಗೆ ಬಂದ ಮೊದಲ ವಾರವೇ ಲ್ಯಾಬಿನ ಮ್ಯಾಡಮ್ ಕಣ್ಣಿಗೆ ಕಾಣದ ತಂತಿಯೊಂದನ್ನು ತೋರಿಸಿ, ಇದಕ್ಕೆ ಮೂಗಿದೆ ಎಂದರು. ಕೂದಲನ್ನು ಉದ್ದಕ್ಕೆ ಸಾವಿರ ಸೀಳು ಮಾಡಿದಷ್ಟು ಸಣ್ಣದಂತೆ. ಸತುವಿನ ಆಕ್ಸೈಡಿನ ನ್ಯಾನೋತಂತಿ. ಕಾಯಿಸಿ ಅಡುಗೆ ಗ್ಯಾಸು ಬಿಟ್ಟರೆ ಅದರಲ್ಲಿ ಕರೆಂಟು ಹೆಚ್ಚಿ, ಕಂಪ್ಯೂಟರಿನಲ್ಲಿ ಗೆರೆ ಏಳುತ್ತದೆ. ಗುಲ್ಬರ್ಗಾದ ನಮ್ಮ ಮನೆಯಲ್ಲಿ ಈ ಕೆಲಸವನ್ನು ಅವ್ವನ ಮೂಗೇ ಮಾಡುತ್ತಿತ್ತು, ಕಾಯಿಸುವ ಅಗತ್ಯವಿಲ್ಲದೆ.

ನಮ್ಮಲ್ಲಿ ಹೊಸಬ ಕಂಡರೆ ‘ಯಾರ ಪೈಕಿ’ ಎನ್ನುತ್ತಾರೆ. ಇಲ್ಲಿ ಮರಾಠಿಯಲ್ಲಿ ‘ಕಶಾಲಾ?’ ಅದೆಲ್ಲ ಯಾಕೆ ಬೇಕು ಎಂದರ್ಥ. ಕೊಂಢವಾ ಬಡಾವಣೆಯ ನನ್ನ ರೂಮಿನಲ್ಲಿ ಇನ್ನೊಂದು ಬಕೆಟ್ ಕೇಳಿದರೆ ಮಾಲೀಕರದು ಕಶಾಲಾ, ಚಹಾಕ್ಕೆ ಇನ್ನಷ್ಟು ಸಕ್ಕರೆ ಕೇಳಿದರೆ ಅಂಗಡಿಯವನದು ಕಶಾಲಾ. ಮ್ಯಾಡಮ್ ಅದನ್ನೇ ಮೂಗಿನಿಂದ ಹೇಳುತ್ತಿದ್ದರು. ಊರಿನಲ್ಲಿ ಮಾಡುತ್ತಿದ್ದಂತೆ ಅಣಕಿಸಲು ಎಲ್ಲರ ದನಿಯನ್ನೂ ಕದ್ದಿಟ್ಟುಕೊಂಡಿದ್ದೆ, ಕೇಳಿಸಲು ಗೆಳೆಯರಿರಲಿಲ್ಲ. ತಂತಿಗೇ ಕೇಳಿಸುತ್ತಿದ್ದೆ.

ತಂತಿಗೆ ಮಾತ್ರ ತಲೆ ಕೆಟ್ಟಂತಿತ್ತು. ಗ್ಯಾಸು ಬಿಡದಿದ್ದರೂ ಗೆರೆ ಕುಣಿಯುತ್ತಿತ್ತು. ಶನಿವಾರದೊಳಗೆ ಅದು ಸಮ ಆಗದಿದ್ದರೆ ನನ್ನ ಜಾಗ ಬೇರೆಯವರಿಗೆ ಎಂದರು ಮ್ಯಾಡಮ್. ನನಗೆ ಅದು ಊರಿನ ಬಸ್ಸು ಹತ್ತು ಎಂದೇ ಕೇಳಿಸಿತು.

ಶುಕ್ರವಾರ ತಂತಿ ಇಟ್ಟಿದ್ದ ಡಬ್ಬಿಯ ಮೇಲೆ ಬಾಗಿ, ಮ್ಯಾಡಮ್‌ರದೇ ದನಿಯಲ್ಲಿ ತಂತಿಯನ್ನು ಗದರಿಸಿದೆ: “ಕಶಾಲಾ? ಕುಣೀಲಾಕ ಇದೇನು ನಿಮ್ಮಪ್ಪನ ಮನಿ ಅದ?” ಗೆರೆ ಜಿಗಿಯಿತು. ಹಿಂದಿನಿಂದ ನಮ್ಮದೇ ಕನ್ನಡ ಕೇಳಿಸಿತು.

“ಇನ್ನೂ ಸ್ವಲ್ಪ ಮೂಗಿನಾಗ ಅನಬೇಕಿತ್ತು, ತಮ್ಮಾ. ನಾನು ಸೊಲ್ಲಾಪುರದಾಕಿ.”

ತಿಂಗಳಿಡೀ ನಾನು ಕನ್ನಡದಲ್ಲಿ ಗೊಣಗಿದ್ದೆಲ್ಲ ಒಮ್ಮೆಗೇ ನೆನಪಾಯಿತು. ಮ್ಯಾಡಮ್ ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ, ಗೆರೆಯ ಮೇಲಿತ್ತು. ಮತ್ತೊಮ್ಮೆ ಮಾಡು ಎಂದರು. ಮಾಡಿದೆ, ಗೆರೆ ಎದ್ದಿತು. ಡಬ್ಬಿಯ ಸಡಿಲವಾಗಿದ್ದ ಮುಚ್ಚಳವನ್ನು ಬಿಗಿದು ಮತ್ತೆ ಮಾಡಿಸಿದರು, ಗೆರೆ ಮಲಗಿಯೇ ಇತ್ತು. ಗುರುವಿನ ಎದುರು ಗುರುವಿನದೇ ಅಣಕವನ್ನು ಆರು ಸಲ ಮಾಡಿ ತೋರಿಸಿದ ಶಿಷ್ಯ ನಾನೊಬ್ಬನೇ ಇರಬೇಕು. ತಂತಿಯನ್ನು ಕೆಡಿಸುತ್ತಿದ್ದುದು ನನ್ನ ಉಸಿರಿನ ತೇವ.

ಶನಿವಾರ ಗೆರೆ ಸಮವಾಗಿತ್ತು, ಜಾಗ ಉಳಿಯಿತು. ಆಮೇಲೆ ತಂತಿಯ ಮೈಗೆ ಪಲ್ಲಾಡಿಯಮ್ ಎಂಬ ಲೋಹದ ಸಣ್ಣ ಸಣ್ಣ ಕಣ ಅಂಟಿಸಿದೆವು. ಒಳಗೆ ಅದೇ ತಂತಿ, ಆದರೆ ಗ್ಯಾಸು ಸೋಕಿದರೆ ಮೊದಲಿಗಿಂತ ಬೇಗ ಏಳುತ್ತದೆ.

ಅದಾದ ಮೇಲಿನ ಭಾನುವಾರ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ, ಬಸ್ಸಿನಲ್ಲಿ ಶೇಂಗಾ ಹೋಳಿಗೆ ಕಳಿಸಲೇ ಎಂದು ಅವ್ವ ಕೇಳಿದಳು.

“ಕಶಾಲಾ?” ಎಂದೆ.

“ಈಗ ಯಾರದು ಅಣಕ ಮಾಡ್ಲಕತ್ತೀಯೋ?”

ಯಾರದೂ ಅಲ್ಲ ಎನ್ನಬೇಕಿತ್ತು. ಅದನ್ನು ಯಾರ ದನಿಯಲ್ಲಿ ಹೇಳಲಿ ಎಂದು ತಿಳಿಯದೆ, ಹೋಳಿಗೆ ಕಳಿಸು ಎಂದೆ.