ಒಂದು ಬ್ಯಾಟರಿ, ಮೂರು ಡಬ್ಬಿ

ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ ಅವ್ವನ ಕೋಣೆಯಿಂದ ಎಸರು ಕುದಿಯುವಂಥ ಸದ್ದು ಬಂತು. ಜಮಖಂಡಿಯ ಬಸ್ಸು ಹಿಡಿಯಬೇಕೆಂದು ಆಗಷ್ಟೇ ಗಡಿಯಾರ ನೋಡಿದ್ದೆ.

ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಬನಹಟ್ಟಿಯಾಚೆ ಹೊಲದಲ್ಲಿರುವ ನಮ್ಮ ಮನೆಗೆ ಕರೆಂಟಿನ ಲೈನು ಬಂದಿರಲಿಲ್ಲ. ಮಗ್ಗದ ಮೇಲಿನ ದೀಪ, ಫ್ಯಾನು, ಅವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಮೋಟಾರು ಎಲ್ಲಕ್ಕೂ ಅವಳ ಕೋಣೆಯಲ್ಲಿದ್ದ ಸೋಲಾರ್ ಬ್ಯಾಟರಿಯೇ. ಅಂದು ಅವೆಲ್ಲ ನಿಂತಿದ್ದವು, ಬಿಸಿಲು ಮಾತ್ರ ನಿಂತಿರಲಿಲ್ಲ.

"ಏನ ವಾಸನಿ ಬರಾಕತ್ತೈತಿ ಇದು?" ಎನ್ನುತ್ತ ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೋಣೆಯ ಬಾಗಿಲಿಗೆ ಹೋದಳು. "ತಡಿ, ಫ್ಯಾನ್ ಹಾಕ್ತೇನಿ."

ಬೇಡ ಎನ್ನಬೇಕೆಂದು ನನಗೆ ಗೊತ್ತಿತ್ತು. ಕುದಿಯುವ ಬ್ಯಾಟರಿಯಿಂದ ಏಳುವ ಗಾಳಿ ಹೊತ್ತಿಕೊಳ್ಳಲು ಸ್ವಿಚ್ಚಿನ ಒಂದು ಕಿಡಿ ಸಾಕೆಂದು ಕಾಲೇಜಿನಲ್ಲಿ ಓದಿದ್ದೆ, ಈಗ ಶಾಲೆಯಲ್ಲಿ ಅದನ್ನೇ ಕಲಿಸುತ್ತೇನೆ. ಬಾಯಿ ತೆರೆದೆ, ಅಷ್ಟರಲ್ಲಿ ಅವ್ವ ಸ್ವಿಚ್ಚು ಒತ್ತಿದಳು.

ಬ್ಯಾಟರಿ ಸಿಡಿಯಿತು. ಅದರ ಮುಚ್ಚಳ ಜಂತಿಗೆ ಬಡಿದು ಕೆಳಗೆ ಬಿದ್ದಿತ್ತು. ಸೆರಗು ಅವ್ವನ ಮುಖ ಉಳಿಸಿತ್ತು; ಬಲಗೈ ಮೇಲೆಲ್ಲ ಆಸಿಡ್. ನಾನು ನಿಂತಲ್ಲೇ ನಿಂತಿದ್ದೆ. ಹಿರಿಯಣ್ಣನ ಹೆಂಡತಿ, ವೈನಿ, ಅವ್ವನನ್ನು ಅಂಗಳಕ್ಕೆ ಎಳೆದು ತಂದು ಕೊಡಗಟ್ಟಲೆ ನೀರು ಸುರಿದಳು.

ಆಸ್ಪತ್ರೆಯಿಂದ ಬಂದ ಮೇಲೆ ಅವ್ವ ಒಂದೇ ಮಾತು ಹೇಳಿದಳು: "ನಾ ಆ ಖೋಲ್ಯಾಗ ಕಾಲ ಇಡಂಗಿಲ್ಲ." ಅವಳು ಕಂಡಿಕೆ ಸುತ್ತದಿದ್ದರೆ ಇಬ್ಬರು ಅಣ್ಣಂದಿರ ಮಗ್ಗವೂ ನಡೆಯುವುದಿಲ್ಲ. ಆದರೆ ನನ್ನನ್ನು ಕಾಡಿದ್ದು ಮಗ್ಗವಲ್ಲ. ನಲವತ್ತು ವರ್ಷ ಕೂತು ದುಡಿದ ಜಾಗಕ್ಕೆ ಅವಳು ಹೆದರುವಂತಾಗಿತ್ತು. ಮುಂದಿನ ಅಮಾವಾಸ್ಯೆಯೊಳಗೆ ಇದನ್ನು ಸರಿ ಮಾಡಲೇಬೇಕೆಂದು ರಜೆ ಹಾಕಿದೆ.

ತಪ್ಪು ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಮನೆಯಲ್ಲಿ ಒಬ್ಬರ ಮಗ್ಗಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಹಾಸುನೂಲಿನ ಬಿಗಿ ನೇಯುವವನಿಗೇ ಗೊತ್ತು. ಸೋಲಾರಿಗೂ ಹಾಗೇ ಮಾಡಿದ್ದೆವು, ಒಬ್ಬೊಬ್ಬರಿಗೆ ಒಂದೊಂದು ಪ್ಯಾನಲ್, ಒಂದೊಂದು ಡಬ್ಬಿ. ಬ್ಯಾಟರಿ ತುಂಬಿತೋ ಇಲ್ಲವೋ ನೋಡಿ ಪ್ಯಾನಲ್ಲಿನ ಕರೆಂಟು ತಡೆಯುವ ಡಬ್ಬಿ, ಚಾರ್ಜ್ ಕಂಟ್ರೋಲರ್, ಇಬ್ಬರು ಅಣ್ಣಂದಿರದೂ ಅವರವರ ಮಗ್ಗದ ಕಂಬದಲ್ಲಿತ್ತು. ಮಗ್ಗವಿಲ್ಲದ ನನ್ನದು ಅವ್ವನ ಗೋಡೆಯಲ್ಲಿ. ಬ್ಯಾಟರಿ ಮಾತ್ರ ಮೂವರಿಗೂ ಒಂದೇ.

ಹಿರಿಯಣ್ಣನ ಮಗ್ಗ ದೂರ, ವೈರು ಉದ್ದ. ಕೆಲಸದ ದಿನ ಆ ವೈರಿನ ದೆಸೆಯಿಂದ ವೋಲ್ಟು ಹೆಚ್ಚಿಗೆ ಕಂಡು, ಬ್ಯಾಟರಿ ತುಂಬುವ ಮೊದಲೇ ಅವನ ಡಬ್ಬಿ 'ತುಂಬಿತು' ಎನ್ನುತ್ತಿತ್ತು. ಸಿಟ್ಟಿಗೆ ಅವನು ಇಪ್ಪತ್ತೊಂಬತ್ತರೊಳಗೆ ಇರಬೇಕಾದ ಅದರ ಮಿತಿಯನ್ನು ಮೂವತ್ತೊಂದು ವೋಲ್ಟಿಗೆ ಏರಿಸಿದ್ದ. ನನ್ನ ಹೊಸ ಪ್ಯಾನಲ್ ಬಂದ ಮೇಲೆ ಬ್ಯಾಟರಿ ಮಧ್ಯಾಹ್ನ ಹನ್ನೆರಡಕ್ಕೇ ತುಂಬುತ್ತಿತ್ತು. ಅಮಾವಾಸ್ಯೆಯಂದು ನನ್ನದೂ ನಡುವಿನಣ್ಣನದೂ ಡಬ್ಬಿ ನಿಂತರೂ ಅವನದು ತಳ್ಳುತ್ತಲೇ ಇತ್ತು. ನನ್ನ ಡಬ್ಬಿ ಹಾಕಿದ ದಿನ ಅವನದರ ಮಿತಿ ಎಷ್ಟೆಂದು ನಾನು ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದುಕೊಂಡಿದ್ದೆ.

ಹೊಸ ಬ್ಯಾಟರಿಯನ್ನು ಹಿತ್ತಲಲ್ಲಿ, ಗಾಳಿಯಾಡಲು ಎರಡೂ ಕಡೆ ಜಾಲರಿಯಿದ್ದ ತಗಡಿನ ಮಾಡಿನ ಕೆಳಗೆ ಇಟ್ಟೆವು. ಮೂರೂ ಡಬ್ಬಿಗಳು ಅದರ ಪಕ್ಕದ ಒಂದೇ ಗೋಡೆಗೆ ಬಂದವು. ಮೂರಕ್ಕೂ ಒಂದೇ ಅಳತೆಯ ವೈರು, ಬೇರೆ ಬೇರೆ ಫ್ಯೂಜು. ನನ್ನದೂ ನಡುವಿನಣ್ಣನದೂ ಒಂದೇ ಕಂಪನಿಯವು, ಸಣ್ಣ ವೈರೊಂದರಿಂದ ಜೋಡಿಸಿದರೆ ಒಂದರ ಮಾತನ್ನು ಇನ್ನೊಂದು ಕೇಳುತ್ತಿತ್ತು. ಹಿರಿಯಣ್ಣನದು ಹಳೆಯದು, ಅದಕ್ಕೆ ಆ ಸೌಕರ್ಯವಿಲ್ಲ. ನಮ್ಮವು ನಿಂತ ಮೇಲೂ ಅದು ತಳ್ಳದಿರಲು ಅದರ ಮಿತಿಯನ್ನು ನಮ್ಮಿಬ್ಬರದಕ್ಕಿಂತ ಕೆಳಗೆ ಇಡಬೇಕಿತ್ತು.

"ಹಿರ್ಯಾಂವ ನಾನು. ನನ್ನ ಡಬ್ಬಿ ಮೊದಲ ಸುಮ್ಮನ ಆಗಬೇಕೇನ?" ಎಂದ ಅವನು.

"ಒಂದ ಡಬ್ಬಿ ಆದ್ರೂ ಸುಮ್ಮನ ಆಗಲಿ ಬಿಡ್ರಿ," ಎಂದಳು ವೈನಿ, "ಮೂರು ಗಂಡಸರಾಗ ಒಬ್ಬರೂ ಆಗಂಗಿಲ್ಲ."

ನಡುವಿನಣ್ಣ ನಕ್ಕ. ಹಿರಿಯಣ್ಣ ನಗಲಿಲ್ಲ. ನಾನು ಸ್ಕ್ರೂಡ್ರೈವರ್ ಅವನ ಮುಂದೆ ಹಿಡಿದೆ. "ನಾ ಮುಟ್ಟಂಗಿಲ್ಲ ಅಣ್ಣಾ. ನಿಂದು, ನೀನ ಇಳಸು."

ಅವ್ವ ಹೊರಗೆ ಕಟ್ಟೆಯ ಮೇಲೆ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಅವನು ಅವಳ ಕಡೆ ಒಮ್ಮೆ ನೋಡಿದ. "ಎಷ್ಟಕ್ಕ?" ಎಂದ. ಹೇಳಿದೆ. ಇಳಿಸಿದ.

ಆ ತಿಂಗಳು ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ರಾತ್ರಿ ಬಿಸಿಲಿಲ್ಲ, ಚಾರ್ಜೂ ಇಲ್ಲ ಎಂದು ಗೊತ್ತಿದ್ದ ನಾನೇ ಎರಡು ಸಲ ಎದ್ದು ಹಿತ್ತಲಿಗೆ ಹೋಗಿ ಮೂಸಿ ಬರುತ್ತಿದ್ದೆ. ಅಲ್ಲಿ ಅವ್ವ ಮೊದಲೇ ನಿಂತಿರುತ್ತಿದ್ದಳು.

ಮತ್ತೆ ಅಮಾವಾಸ್ಯೆ ಬಂತು. ಮಗ್ಗ ನಿಂತೇ ಇದ್ದವು, ಬಿಸಿಲು ಚುರುಗುಟ್ಟುತ್ತಿತ್ತು. ಹನ್ನೆರಡಕ್ಕೆ ಮೂವರೂ ಗೋಡೆಯ ಮುಂದೆ ಕೂತೆವು. ಮೊದಲು ಹಿರಿಯಣ್ಣನ ಡಬ್ಬಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ನಮ್ಮವೆರಡೂ ಒಟ್ಟಿಗೆ ಸುಮ್ಮನಾದವು. ಒಂದೂ ನಲವತ್ತಕ್ಕೆ ಬ್ಯಾಟರಿಯ ಮೇಲೆ ಕೈ ಇಟ್ಟು ನೋಡಿದೆ. ತಣ್ಣಗಿತ್ತು.

ಅವ್ವ ಎದ್ದು ತನ್ನ ಕೋಣೆಗೆ ಹೋಗಿ ಫ್ಯಾನು ಹಾಕಿದಳು. ಅದು ತಿರುಗಿತು, ಅಷ್ಟೇ. ಅವಳು ಅದರ ಕೆಳಗೇ ಚಾಪೆ ಹಾಸಿದಳು.

ಆ ರಾತ್ರಿ ನಾನು ಏಳಲಿಲ್ಲ. ಯಾರೂ ಏಳಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ಕೋಣೆಯಲ್ಲಿ ಕಂಡಿಕೆ ಸುತ್ತುವ ಮೋಟಾರಿನ ಸದ್ದು ಕೇಳುತ್ತಿತ್ತು.