ವಾಪಸು ಕಳಿಸಿದ ಬಾಟಲಿ

ಸಾಲ್ಟ್‌ಪಾಂಡಿನ ಶಾಲೆಗಳಿಗೆಲ್ಲ ನಲವತ್ತು ವರ್ಷ ಚಡ್ಡಿ ಹೊಲಿದ ಕ್ವಾಮೆನಾ ಎಸ್ಸಿಲ್ಫೀಗೆ ಎರಡು ವಿಷಯದಲ್ಲಿ ಜಂಬ ಹೆಚ್ಚು. ಒಂದು, ಅವನ ಹೊಲಿಗೆ ಬಿಚ್ಚುವುದಿಲ್ಲ. ಇನ್ನೊಂದು, ಮೆಥೋಡಿಸ್ಟ್ ಚರ್ಚಿನ ಮದ್ಯವಿರೋಧಿ ಸಂಘದ ಕಾರ್ಯದರ್ಶಿಯಾದ ಅವನ ಬಾಯಿಗೆ ಒಂದು ತೊಟ್ಟು ಮದ್ಯವೂ ಬಿದ್ದಿಲ್ಲ. ಈ ಎರಡನೆಯ ಜಂಬ ಅವನ ಹೆಂಡತಿಯನ್ನು ಬೀದಿಪಾಲು ಮಾಡುವುದರಲ್ಲಿತ್ತು.

ಮೂವತ್ತು ವರ್ಷದ ಹಿಂದೆ, ಸ್ವಂತ ದುಡಿಮೆಯಲ್ಲಿ ಕಟ್ಟಿದ ನಾಲ್ಕು ಕೋಣೆಯ ಮನೆಯನ್ನು ಅವನು ಬಂಧುಗಳೆದುರು ಹೆಂಡತಿ ಅಬಾಳಿಗೆ ಕೊಟ್ಟಿದ್ದ. ಆದರೆ ಆ ಊರಿನ ಪದ್ಧತಿಯಲ್ಲಿ ಬಾಯಲ್ಲಿ ಹೇಳಿದ ಮಾತ್ರಕ್ಕೆ ಕೊಟ್ಟಂತಾಗುವುದಿಲ್ಲ. ಪಡೆದವಳು ಅಸೆಡ, ಎಂದರೆ ಕೃತಜ್ಞತೆಯ ಕಾಣಿಕೆಯಾಗಿ ಶ್ನಾಪ್ಸ್ ಎಂಬ ಖಡಕ್ ಮದ್ಯದ ಬಾಟಲಿ ತರಬೇಕು, ಕೊಟ್ಟವನು ಅದನ್ನು ಸ್ವೀಕರಿಸಬೇಕು, ಸೇರಿದವರು ಒಂದೊಂದು ಗುಟುಕು ಕುಡಿಯಬೇಕು. ಕುಡಿದವನು ಸಾಕ್ಷಿ. ಅಬಾ ಹೊಸ ಬಟ್ಟೆ ಉಟ್ಟು ಬಾಟಲಿ ತಂದಳು. ಕಾರ್ಯದರ್ಶಿಗಳು ಅದನ್ನು ಅಂಗಡಿಗೆ ವಾಪಸು ಕಳಿಸಿ, ಮದ್ಯದ ಕೆಡುಕಿನ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದರು. ಬಂಧುಗಳು ಒಣಗಿದ ಗಂಟಲಲ್ಲೇ ಮನೆಗೆ ಹೋದರು.

ಎಪ್ಪತ್ತೇಳನೆಯ ವಯಸ್ಸಿಗೆ ಅವನ ಎಡಗೈ ಬಲ ಕಳೆದುಕೊಂಡಿತು, ಹೆಸರುಗಳು ಮರೆತುಹೋಗತೊಡಗಿದವು. ನೋಡಿಕೊಳ್ಳಲು ಸೋದರಳಿಯ ಎಬೊ ಬಂದ. ಒಳ್ಳೆಯವನೇ. ಮಾವನಿಗೆ ಸ್ನಾನ ಮಾಡಿಸುತ್ತಿದ್ದ, ಔಷಧಿ ತರುತ್ತಿದ್ದ, ನಡುನಡುವೆ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದ. ಆ ಕುಲದಲ್ಲಿ ಮಾವನ ಆಸ್ತಿ ಸೋದರಳಿಯನಿಗೆ ಬರುವುದು ಅಜ್ಜಂದಿರ ಕಾಲದ ಪದ್ಧತಿ. ಅಂಗಳದಲ್ಲಿ ಅಬಾ ಬ್ರೆಡ್ಡು ಸುಡುವ ಮಣ್ಣಿನ ಒಲೆಯನ್ನು ತೆಗೆದರೆ ಎರಡು ಲಾರಿ ನಿಲ್ಲಿಸಬಹುದೆಂದು ಅವನು ಒಮ್ಮೆ ಲೆಕ್ಕ ಹಾಕಿ ಹೇಳಿಯೂ ಬಿಟ್ಟ. ಅಬಾ ಹಿಟ್ಟು ನಾದುತ್ತಲೇ ಇದ್ದಳು.

ಒಂದು ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಯ ನಂತರ ಮಿಸ್ ಕ್ವಾನ್ಸಾ ಎಂಬ ವಕೀಲೆ ವಯಸ್ಸಾದವರನ್ನು ಕೂರಿಸಿಕೊಂಡು ಉಯಿಲಿನ ಬಗ್ಗೆ ತಿಳಿಹೇಳಿದಳು. ಕ್ವಾಮೆನಾ ಎದ್ದು, ತನಗೆ ಇದೆಲ್ಲ ಬೇಕಿಲ್ಲ, ಮನೆ ಯಾವತ್ತೋ ಹೆಂಡತಿಗೆ ಕೊಟ್ಟಾಯಿತು ಎಂದ.

"ಅಸೆಡ ತಗೊಂಡ್ರಾ, ತಾತ?"

ಇಲ್ಲವೆಂದು ಹೆಮ್ಮೆಯಿಂದಲೇ ಹೇಳಿದ.

"ಹಾಗಾದ್ರೆ ನೀವು ಕೊಟ್ಟೇ ಇಲ್ಲ. ಕೊಡ್ತೀನಿ ಅಂತ ಹೇಳಿದ್ದೀರಿ, ಅಷ್ಟೇ."

ಕ್ವಾಮೆನಾ ಮತ್ತೆ ಕೂತುಬಿಟ್ಟ. ಅವಳು ಸಮಾಧಾನವಾಗಿ ಬಿಡಿಸಿ ಹೇಳಿದಳು. ಉಯಿಲು ಬರೆಯಬಹುದು, ಆದರೆ ಅದಕ್ಕೆ ಅಬಾ ಸಾಕ್ಷಿ ಹಾಕಬಾರದು, ಹಾಕಿದರೆ ಅವಳ ಪಾಲೇ ಹೋಗುತ್ತದೆ. ಬುದ್ಧಿ ಸರಿಯಿದೆಯೆಂದು ವೈದ್ಯರ ಚೀಟಿ ಈಗಲೇ ಬೇಕು, ಮರೆವು ಹೆಚ್ಚಿದ ಮೇಲೆ ಬರೆದದ್ದನ್ನು ಯಾರಾದರೂ ಅಲ್ಲಗಳೆಯಬಹುದು. ಎಲ್ಲಕ್ಕಿಂತ ಗಟ್ಟಿ ಎಂದರೆ ಬದುಕಿರುವಾಗಲೇ ಬಂಧುಗಳೆದುರು ಅಸೆಡ ಮುಗಿಸಿ, ಕಾಗದ ಮಾಡಿ, ನೋಂದಣಿ ಮಾಡಿಸುವುದು. ಶರಬತ್ತು ನಡೆಯುವುದಿಲ್ಲವೇ ಎಂದು ಅವನು ಅಂಗಲಾಚಿದ. ಕೋರ್ಟಿನಲ್ಲಿ ನಡೆದೀತು, ನಿಮ್ಮ ಬಂಧುಗಳ ಬಳಿ ನಡೆಯುತ್ತದೆಯೇ ಎಂದು ಅವಳು ಕೇಳಿದಳು. 

ಮನೆಗೆ ಬಂದು ವಿಷಯ ತಿಳಿಸಿದರೆ ಅಬಾ ತಲೆಯನ್ನೂ ಎತ್ತಲಿಲ್ಲ. "ಒಂದ್ಸಲ ತಂದಿದ್ದೆ. ಊರೆದುರು ವಾಪಸ್ ಹೋಯ್ತು. ಇನ್ನೊಂದ್ಸಲ ಮಾನ ಕಳ್ಕೊಳ್ಳೋಕೆ ನನಗೇನು ಹುಚ್ಚೇನ್ರೀ?"

ಮೂರು ದಿನ ಅವಳ ಹಿಂದೆಮುಂದೆ ಸುಳಿದ. ನಾಲ್ಕನೆಯ ದಿನ ಕಾರ್ಯದರ್ಶಿ ಹುದ್ದೆಗೆ ರಾಜೀನಾಮೆ ಬರೆದು, ಪಾದ್ರಿಗೆ ಕೊಡುವ ಮುಂಚೆ ಅವಳ ಕೈಗೆ ಕೊಟ್ಟ. ಬರೆಯುವಾಗ ಅವನಿಗೆ ನಿಜಕ್ಕೂ ಅಳು ಬಂದಿತ್ತು. ಅವಳು ನಿಧಾನವಾಗಿ ಓದಿ, ಒಂದು ಅಕ್ಷರ ತಪ್ಪಿದೆ ಎಂದಳು. ಆಮೇಲೆ ಶನಿವಾರ ಆಗಬಹುದು ಎಂದಳು.

ಶನಿವಾರ ಹದಿನಾಲ್ಕು ಬಂಧುಗಳು ಬಂದರು. ವಕೀಲೆ ಮೂಲೆಯಲ್ಲಿ ಕೂತು ಬರೆದುಕೊಂಡಳು. ಅಬಾ ಬಾಟಲಿ ಒಪ್ಪಿಸಿದಳು. ಕ್ವಾಮೆನಾ ಸ್ವೀಕರಿಸಿ, ಮೊದಲ ಗುಟುಕು ತಾನೇ ಕುಡಿದು, ಬೇವಿನ ಕಷಾಯ ಕುಡಿದವನಂತೆ ಮುಖ ಹಿಂಡಿದ. ಮುದುಕಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲೋಟ ಕೈಯಿಂದ ಕೈಗೆ ದಾಟಿ ಎಬೊನ ಬಳಿ ನಿಂತಿತು. ಅವನು ಅದನ್ನು ಹಿಡಿದುಕೊಂಡೇ ಕೂತ. ನಗು ಅಡಗಿತು.

"ಇದನ್ನ ಕುಡಿದ್ರೆ ನಾಳೆ ನಾನು ಏನೂ ಕೇಳೋ ಹಾಗಿಲ್ಲ, ಅಲ್ವಾ ಅತ್ತೆ?"

"ಇಲ್ಲ. ಅದಕ್ಕೇ ಕೊಡ್ತಿರೋದು," ಎಂದಳು ಅಬಾ. "ನಿನ್ನ ಮಾವನಿಗೆ ನೀನು ಮಾಡಿದ ಸೇವೆ ನಾನು ಮರೆಯೋಳಲ್ಲ. ಆದ್ರೆ ಮನೆ ನಂದು."

ಎಬೊ ಮಾವನ ಕಡೆ ನೋಡಿದ.  ಕ್ವಾಮೆನಾ ಅಳಿಯನನ್ನು ಹೆಸರು ಹಿಡಿದು ಕರೆಯಲು ಬಾಯಿ ತೆರೆದರೆ ಆ ಗಳಿಗೆಯಲ್ಲಿ ಹೆಸರೇ ನೆನಪಾಗಲಿಲ್ಲ. ಎಬೊಗೆ ಅದು ಅರ್ಥವಾಯಿತೋ ಏನೋ, ಒಂದೇ ಗುಟುಕಿಗೆ ಲೋಟ ಬರಿದು ಮಾಡಿ ಪಕ್ಕದವರಿಗೆ ದಾಟಿಸಿದ.

ಎಲ್ಲರೂ ಹೋದ ಮೇಲೆ ಅಬಾ ಗಂಡನ ಪಕ್ಕದಲ್ಲಿ ಬಂದು ಕೂತಳು. ಶ್ನಾಪ್ಸ್ ಇನ್ನೂ ಗಂಟಲು ಉರಿಸುತ್ತಿತ್ತು, ಅವನು ಕೆಮ್ಮಿದ. ಅವಳು ಅವನ ಬೆನ್ನು ಸವರಿದಳು.

"ಮೂವತ್ತು ವರ್ಷ ನೀವು ಕೆಮ್ಮಿದಾಗೆಲ್ಲ, ನೀವು ಹೋದ್ಮೇಲೆ ಈ ಒಲೆ ಎಲ್ಲಿಗೆ ಹೊತ್ಕೊಂಡು ಹೋಗ್ಲಿ ಅಂತ ಹೆದರ್ತಿದ್ದೆ," ಎಂದಳು. "ಇನ್ಮೇಲೆ ಕೆಮ್ಮಿದ್ರೆ ನಿಮ್ಮ ಬಗ್ಗೆ ಹೆದರ್ತೀನಿ."